ಜಪಾನಿನ ಕಸುಬುದಾರರೂ ನಮ್ಮ ಸಹಕಾರವೂ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಎರಡು ಮಾತಾಡಬೇಕು ಅಂತ ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ, ಭಾಷಣಕಾರನಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಕೈಯಲ್ಲಿ ಒಂದು ಹಾಳೆ ಕಾಗದ ಇದೆ. ನೋಡಿ, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಅಂಚು ಸೊಟ್ಟ. ಇದನ್ನು ಮಾಡಿದವಳು ನಮ್ಮ ಅಣ್ಣನ ಮಗಳು. ಜಪಾನಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಚಳಿಗಾಲದಲ್ಲಿ ಎಂಟು ಜನರ ಒಂದು ತಂಡದ ಜೊತೆ ಐದು ದಿನ ರಜೆ ಹಾಕಿ, ಫುಕುಯಿ ಪ್ರಾಂತ್ಯದ ಎಚಿಜೆನ್ ಎಂಬ ಕಡೆಗೆ ಹೋಗಿದ್ದಳು. ಸುಮ್ಮನೆ ಊರು ನೋಡೋ ಪ್ರವಾಸ ಅಲ್ಲ. ಕಸುಬುದಾರರ ಹತ್ತಿರ ಕೂತು ಕೈಯಾರೆ ಕೆಲಸ ಕಲಿಯೋ ಪ್ರವಾಸ. "ದುಡ್ಡು ಕೊಟ್ಟು ಕೂಲಿ ಮಾಡೋಕೆ ಹೋಗಿದ್ಯೇನವ್ವಾ?" ಅಂತ ನಾನು ನಕ್ಕೆ. ಅವಳು, "ಚಿಕ್ಕಪ್ಪ, ಪೂರ್ತಿ ಕೇಳು, ಆಮೇಲೆ ನಗು" ಅಂದಳು. ಕೇಳಿದ ಮೇಲೆ ನಗು ಬರಲಿಲ್ಲ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಎಚಿಜೆನ್‌ನಲ್ಲಿ ಕಾಗದ ಮಾಡುವುದು ಸುಮಾರು 1500 ವರ್ಷದ ಕಸುಬು ಎಂಬ ನಂಬಿಕೆ ಇದೆ. ಅಲ್ಲಿಯ ಒಂದು ಕಥೆ ಹೀಗಿದೆ. ಬೆಟ್ಟದ ಸಂದಿಯ ಊರು, ಸಾಗುವಳಿಗೆ ಭೂಮಿ ಕಡಿಮೆ. ಹೊಳೆಯ ಮೇಲ್ದಂಡೆಯಲ್ಲಿ ಒಬ್ಬ ಹೆಣ್ಣುಮಗಳು ಕಾಣಿಸಿಕೊಂಡು, "ನಿಮಗೆ ಗದ್ದೆ ಇಲ್ಲದಿದ್ದರೂ ಶುದ್ಧ ನೀರಿದೆ, ಕಾಗದ ಮಾಡಿ ಬದುಕಿ" ಎಂದು ಕಲಿಸಿದಳಂತೆ. ಅವಳನ್ನು ಕವಾಕಾಮಿ ಗೋಜೆನ್ ಎಂದು ಕರೆದು ಇಂದಿಗೂ ದೇವತೆಯಾಗಿ ಪೂಜೆ ಮಾಡುತ್ತಾರೆ. ಕಸುಬು ಕಲಿಸಿದವಳಿಗೆ ಗುಡಿ ಕಟ್ಟಿದ ಜನ ಅವರು. 1868ರಲ್ಲಿ ಜಪಾನಿನ ಹೊಸ ಸರ್ಕಾರ ದೇಶಕ್ಕೆಲ್ಲಾ ಒಂದೇ ನೋಟು ತಂದಾಗ ಅದಕ್ಕೆ ಬಳಸಿದ್ದು ಈ ಊರುಗಳ ಕಾಗದವನ್ನೇ.

ಈ ಕಾಗದ ಹುಟ್ಟುವುದು ಹೊಲದಲ್ಲಿ. ಕೋಜೊ ಎಂಬ ಗಿಡದ ತೊಗಟೆಯೇ ಮುಖ್ಯ. ಇದು ನಮ್ಮ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ್ದು. ಚಳಿಗಾಲದಲ್ಲಿ ಕಡ್ಡಿ ಕೊಯ್ದು, ಹಬೆಯಲ್ಲಿ ಬೇಯಿಸಿ, ತೊಗಟೆ ಸುಲಿದು, ಮೇಲಿನ ಕಪ್ಪು ಸಿಪ್ಪೆ ಕೆರೆದು ತೆಗೆಯುತ್ತಾರೆ. ಆಮೇಲೆ ಕ್ಷಾರದ ನೀರಿನಲ್ಲಿ ಕುದಿಸಿ ತೊಳೆಯುತ್ತಾರೆ. ತೊಳೆದ ನಾರಿನಲ್ಲಿ ಕಸ, ಚುಕ್ಕೆ ಉಳಿದಿದ್ದರೆ ತಣ್ಣೀರಿನಲ್ಲಿ ಕೈ ಇಟ್ಟು ಒಂದೊಂದಾಗಿ ಆರಿಸಬೇಕು. ನಮ್ಮ ಹುಡುಗಿ ಮೊದಲನೇ ದಿನ ಪೂರ್ತಿ ಇದನ್ನೇ ಮಾಡಿದಳಂತೆ. ಬೆರಳು ಮರಗಟ್ಟಿತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ತಾಯಿ ಒಂದು ಮಾತೂ ಆಡದೆ, ಇವಳು ಆರಿಸಿಟ್ಟ ನಾರನ್ನು ತಿರುಗಿ ತಗೊಂಡು ಮತ್ತೆ ಆರಿಸಿದರಂತೆ. "ಬೈದಿದ್ದರೆ ಚೆನ್ನಾಗಿತ್ತು ಚಿಕ್ಕಪ್ಪ" ಅಂದಳು.

ಇನ್ನೊಂದು ವಿಷಯ ಕೇಳಿ ನಾನು ಬೆರಗಾದೆ. ಜಜ್ಜಿದ ನಾರನ್ನು ತೊಟ್ಟಿಯ ನೀರಿಗೆ ಬಿಟ್ಟು, ಅದಕ್ಕೆ ತೊರೊರೊ ಆಓಯಿ ಎಂಬ ಗಿಡದ ಬೇರಿನ ಲೋಳೆ ಸೇರಿಸುತ್ತಾರೆ. ಈ ಗಿಡ ನಮ್ಮ ಬೆಂಡೆಯ ಹತ್ತಿರದ ನೆಂಟ! ಲೋಳೆ ಇದ್ದರೆ ನಾರು ತಳಕ್ಕೆ ಕೂರುವುದಿಲ್ಲ, ನೀರು ನಿಧಾನವಾಗಿ ಬಸಿಯುತ್ತದೆ, ಹಾಳೆ ಸಮನಾಗಿ ಬರುತ್ತದೆ. ಹಸಿ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಹಿಂಡಿದ ಮೇಲೂ ಬಿಡಿಬಿಡಿಯಾಗಿ ಬರುತ್ತವೆ. ಸೆಕೆಯಲ್ಲಿ ಲೋಳೆ ಕೆಡುತ್ತದೆ, ಅದಕ್ಕೇ ಒಳ್ಳೆಯ ಕಾಗದಕ್ಕೆ ಚಳಿಗಾಲವೇ ಹಂಗಾಮು. ಸ್ವಾಮಿ, ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯೋಕೆ ಬೆಂಡೆ ಗಿಡ ಜಜ್ಜಿ ಲೋಳೆ ಹಾಕುತ್ತಿರಲಿಲ್ಲವೇ? ಈಗ ಎಷ್ಟು ಕಡೆ ಪುಡಿ ಸುರಿದು ಬೆಲ್ಲ ಬೆಳ್ಳಗೆ ಮಾಡುತ್ತಿದ್ದೇವೆ, ನಿಮಗೇ ಗೊತ್ತು.

ಅಲ್ಲೂ ಎಲ್ಲಾ ಸುಖವಾಗಿದೆ ಅಂತಲ್ಲ. ಆ ಲೋಳೆ ಗಿಡ ಬೆಳೆಯೋದು ಕಷ್ಟದ ಕೆಲಸ. ಬೇರು ದಪ್ಪ ಆಗಲಿ ಎಂದು ಮೊಗ್ಗನ್ನೆಲ್ಲಾ ಕೈಯಲ್ಲೇ ಚಿವುಟಬೇಕು. ಬೆಳೆಯುವ ರೈತರಿಗೆ ವಯಸ್ಸಾಗಿದೆ, ಸಂಖ್ಯೆ ಕಡಿಮೆ ಆಗುತ್ತಾ ಬಂದಿದೆ. ರೈತ ಗಿಡ ಬಿಟ್ಟರೆ ಕಾಗದದವನ ತೊಟ್ಟಿ ಒಣಗುತ್ತದೆ. ಕಸುಬುದಾರ ಬೇರೆ, ರೈತ ಬೇರೆ ಅಂತ ನಾವು ತಿಳಿದಿದ್ದು ತಪ್ಪು.

ಸರ್ಕಾರವೂ ಕೈಕಟ್ಟಿ ಕೂತಿಲ್ಲ. 1950ರ ಕಾನೂನಿನ ಪ್ರಕಾರ ಅಪರೂಪದ ಕೈಕಸುಬನ್ನು ದೇಶದ ಸೊತ್ತು ಎಂದೂ, ಅದನ್ನು ಬಲ್ಲವರನ್ನು ಅದರ ವಾರಸುದಾರರು ಎಂದೂ ಗುರುತಿಸುತ್ತಾರೆ. ಜನ ಅವರನ್ನು 'ಜೀವಂತ ರಾಷ್ಟ್ರೀಯ ನಿಧಿ' ಅನ್ನುತ್ತಾರೆ. ಎಚಿಜೆನ್‌ನ ಕಾಗದದ ಮನೆತನದ ಇವಾನೊ ಇಚಿಬೇ ಎಂಬುವರಿಗೆ 1968ರಲ್ಲೂ, ಅದೇ ಹೆಸರು ಹೊತ್ತ ಅವರ ಮಗನಿಗೆ 2000ದಲ್ಲೂ ಈ ಗೌರವ ಸಿಕ್ಕಿತು. 1974ರಲ್ಲಿ ಸಾಂಪ್ರದಾಯಿಕ ಕಸುಬುಗಳಿಗೆಂದೇ ಇನ್ನೊಂದು ಕಾನೂನು ಬಂತು. ಅದರಲ್ಲಿ ಒಂದು ಷರತ್ತು ನನಗೆ ಬಹಳ ಹಿಡಿಸಿತು: ವಸ್ತು ದಿನಬಳಕೆಯದಾಗಿರಬೇಕು. ಗಾಜಿನ ಪೆಟ್ಟಿಗೆಯಲ್ಲಿ ಇಡೋದಲ್ಲ, ಮನೆಯಲ್ಲಿ ಬಳಸೋದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅದೇ ಎಚಿಜೆನ್‌ನಲ್ಲಿ ಸುಮಾರು 700 ವರ್ಷದಿಂದ ಕಮ್ಮಾರಿಕೆ ಇದೆ. 1337ರಲ್ಲಿ ಕ್ಯೋಟೊದಿಂದ ಬಂದ ಒಬ್ಬ ಕತ್ತಿ ಮಾಡುವ ಕಮ್ಮಾರ, ಅಲ್ಲಿಯ ರೈತರಿಗೆ ಕುಡುಗೋಲು ಮಾಡಿಕೊಟ್ಟಿದ್ದೇ ಅದರ ಆರಂಭ ಎನ್ನುತ್ತಾರೆ. ಯಂತ್ರದಲ್ಲಿ ಮಾಡಿದ ಅಗ್ಗದ ಚಾಕು ಬಂದಾಗ ಇವರ ವ್ಯಾಪಾರ ಕುಸಿಯಿತು. 1970ರ ದಶಕದಲ್ಲಿ ಅಲ್ಲಿನ ಕೆಲವು ಕಮ್ಮಾರರು, ಪೈಪೋಟಿಯಲ್ಲಿದ್ದವರೇ, ಒಟ್ಟಿಗೆ ಕೂತು ಯೋಚನೆ ಮಾಡಿದರು. 1979ರಲ್ಲಿ ಅವರ ಕಸುಬಿಗೆ ಸರ್ಕಾರದ ಮಾನ್ಯತೆ ಸಿಕ್ಕಿತು. 1980ರ ದಶಕದಲ್ಲಿ ಕಜುವೊ ಕವಾಸಾಕಿ ಎಂಬ ವಿನ್ಯಾಸಕಾರರ ಜೊತೆ ಸೇರಿ ಹೊಸ ಮಾದರಿಯ ಚಾಕು ಮಾಡಿದರು. ಕೊನೆಗೆ ಸಹಕಾರ ಸಂಘ ಕಟ್ಟಿ, 1993ರಲ್ಲಿ ಎಲ್ಲರಿಗೂ ಸೇರಿ ಒಂದೇ ಸೂರಿನ ಕೆಲಸದ ಮನೆ ಕಟ್ಟಿದರು. ಅದರ ಹೆಸರು ತಕೆಫು ನೈಫ್ ವಿಲೇಜ್. ಕುಲುಮೆ, ಯಂತ್ರ, ಸೂರು ಹಂಚಿಕೊಂಡರೂ ಅವರವರ ಮುದ್ರೆ ಅವರವರದೇ. ಹೊರಗಿನಿಂದ ಬಂದ ಹುಡುಗರಿಗೂ ಕೆಲಸ ಕಲಿಸುತ್ತಾರೆ. ನಮ್ಮ ಹುಡುಗಿಯ ತಂಡದವರು ಎರಡು ದಿನ ಸುತ್ತಿಗೆ ಹಿಡಿದದ್ದು ಇಲ್ಲೇ. ಎರಡು ಚಾಕುವಿನ ಅಲಗನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೇ ಬಡಿಯುವುದು ಅಲ್ಲಿಯ ವಿಶೇಷ. ಜೋಡಿಯಾಗಿದ್ದರೆ ಎರಡೂ ಸಮನಾಗಿ ತೆಳುವಾಗುತ್ತವಂತೆ. ಸಹಕಾರಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಬಾಂಧವರೇ, ಜಪಾನಿನಲ್ಲಿ 1900ರಲ್ಲಿ ಸಹಕಾರ ಕಾನೂನು ಬಂತು. ನಮ್ಮಲ್ಲಿ 1904ರಲ್ಲಿ. ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಂಘ ಹುಟ್ಟಿತು. ಅಂದರೆ ನಾವೇನೂ ಹಿಂದೆ ಬಿದ್ದವರಲ್ಲ. ಆದರೆ ಒಂದು ತಪ್ಪನ್ನು ಈ ಸಂಭ್ರಮದ ದಿನವೇ ಒಪ್ಪಿಕೊಳ್ಳಬೇಕು. ಎಂಟು ವರ್ಷದ ಹಿಂದೆ ನಮ್ಮ ಊರಿನ ಕುಲುಮೆಯ ಹಿರಿಯರು, ನಮ್ಮ ಸಂಘದ ಷೇರುದಾರರು, ಕರೆಂಟಿನ ತಿದಿ ಮತ್ತು ಬಡಿಯುವ ಯಂತ್ರಕ್ಕೆ 40,000 ರೂಪಾಯಿ ಸಾಲ ಕೇಳಿ ಅರ್ಜಿ ಕೊಟ್ಟರು. ಪಹಣಿ ಇಲ್ಲ ಅಂತ ಆಡಳಿತ ಮಂಡಳಿ ಅರ್ಜಿ ವಾಪಸು ಮಾಡಿತು. ಆ ಸಭೆಯಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಅವರು ಮಾಡಿದ ಕುಡುಗೋಲಿನಲ್ಲೇ ಆ ವರ್ಷದ ಭತ್ತ ಕೊಯ್ದವನು ನಾನು. ಇವತ್ತು ಅವರ ಮಗ ಬೆಂಗಳೂರಿನಲ್ಲಿ ವಾಚ್‌ಮನ್. ಅಡಿಗಲ್ಲು ಹೊಂಗೆಮರದ ಕೆಳಗೆ ಬಿದ್ದಿದೆ. ನಮ್ಮ ಮಕ್ಕಳು ಅದರ ಮೇಲೆ ಕೂತು ಮೊಬೈಲು ನೋಡುತ್ತಾರೆ. ಗುದ್ದಲಿಗೆ ಮೊನೆ ಹಾಕಿಸೋಕೆ ನಾವು ಪೇಟೆಗೆ ಹೋಗುತ್ತೇವೆ.

ಆದ್ದರಿಂದ ನನ್ನದೊಂದು ಮನವಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ಪಹಣಿ ಇಲ್ಲದ ಕಸುಬುದಾರ ಸದಸ್ಯರಿಗೂ ಇಬ್ಬರು ಸದಸ್ಯರ ಜಾಮೀನಿನ ಮೇಲೆ ಸಾಲ ಕೊಡುವ ವಿಷಯವನ್ನು ಕಾರ್ಯಸೂಚಿಗೆ ತರಬೇಕು. ಬೈಲಾ ಅಡ್ಡ ಬಂದರೆ ತಿದ್ದುಪಡಿಗೆ ಬರೆಯೋಣ. ಗೊಬ್ಬರದ ಗೋದಾಮಿನ ಹಿಂದೆ ಖಾಲಿ ಇರುವ ಶೆಡ್ಡನ್ನು ಕುಲುಮೆಗೆ ಬಿಟ್ಟುಕೊಡೋಣ. ಆ ಹಿರಿಯರ ಕೈಯಲ್ಲಿ ಇನ್ನೂ ಶಕ್ತಿ ಇದೆ. ಇಬ್ಬರು ಹುಡುಗರು ಕಲಿಯೋಕೆ ಮುಂದೆ ಬಂದರೆ ಸಾಕು. ಮೊದಲ ಜಾಮೀನಿಗೆ ನಾನೇ ಸಹಿ ಹಾಕುತ್ತೇನೆ.

ಈ ಸೊಟ್ಟ ಹಾಳೆಯನ್ನು ಕಾರ್ಯದರ್ಶಿಗಳಿಗೆ ಕೊಡುತ್ತಿದ್ದೇನೆ. ಆ ನಿರ್ಣಯವನ್ನು ಇದರ ಮೇಲೇ ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.