‘ಉಫ್’ ಎನ್ನದ ಮಗ, ದಣಿದ ಸೊಸೆ



ವೃದ್ಧ ಮಾತಾಪಿತರ ಮುಂದೆ ‘ಉಫ್’ ಎಂಬ ಉದ್ಗಾರವನ್ನೂ ತೆಗೆಯಬಾರದೆಂಬ ಬನೀ ಇಸ್ರಾಈಲ್ ಅಧ್ಯಾಯದ ಆದೇಶವನ್ನು ನಾವು ಎಷ್ಟೋ ಖುತ್ಬಾಗಳಲ್ಲಿ ಕೇಳಿದ್ದೇವೆ. ಆದರೆ ತುಮಕೂರು, ಗುಬ್ಬಿ, ಕುಣಿಗಲ್‌ನ ಮನೆಗಳಲ್ಲಿ ಅದರ ಭಾರ ಹೊತ್ತವರು ಯಾರು? ಮಗ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೋಗುತ್ತಾನೆ. ರಾತ್ರಿ ಮರಳಿ, ತಾಯಿಯ ಕೈ ಹಿಡಿದು ಎರಡು ಸವಿನುಡಿ ಆಡುತ್ತಾನೆ. ಹಾಸಿಗೆ ಹಿಡಿದ ಆ ತಾಯಿಯ ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ವುಝೂ ಮಾಡಿಸಿ, ಅದೇ ಪ್ರಶ್ನೆಗೆ ಹತ್ತನೆಯ ಬಾರಿ ಉತ್ತರಿಸುವವಳು ಸೊಸೆ. ಅವಳ ಬಾಯಿಂದ ಒಮ್ಮೆ ‘ಉಫ್’ ಹೊರಬಿದ್ದರೆ ಸಾಕು, ಮಗ ಪುಣ್ಯವಂತ, ಸೊಸೆ ನಿರ್ದಯಿ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ.

ಇದು ಶರೀಅತ್ತಿನ ತೀರ್ಪಲ್ಲ. ಅತ್ತೆ ಮಾವಂದಿರ ಸೇವೆ ಸೊಸೆಯ ಔದಾರ್ಯ; ಹೊಣೆ ಮಕ್ಕಳದ್ದು. ಫಿಕ್ಹ್ ಓದುವಾಗ ನಾವು ಕಲಿತದ್ದು ಇದನ್ನೇ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯೂ ಮಕ್ಕಳೆಂದರೆ ಮಗ, ಮಗಳು, ಮೊಮ್ಮಕ್ಕಳು ಎನ್ನುತ್ತದೆ. ಅಲ್ಲಿ ಸೊಸೆಯ ಹೆಸರಿಲ್ಲ. ಈ ಮೂರೂ ತಾಲೂಕುಗಳ ಹಿರಿಯರ ದೂರು ಕೇಳುವುದು ತುಮಕೂರಿನ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು, ಆರೈಕೆಯ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ಮರಳಿಸಲು ಅದಕ್ಕೆ ಅಧಿಕಾರವಿದೆ. ಆದರೆ ದಣಿದವಳಿಗೆ ಒಂದು ರಾತ್ರಿಯ ನಿದ್ದೆಯನ್ನು ಯಾವ ನ್ಯಾಯಮಂಡಳಿಯೂ ಕೊಡಿಸಲಾರದು.

ಹಿರಿಯರ ಮನಸ್ಸನ್ನೂ ಅರಿಯೋಣ. ನಿನ್ನೆಯವರೆಗೆ ಮನೆ ನಡೆಸಿದವರು ಇಂದು ಶೌಚಕ್ಕೂ ಇನ್ನೊಬ್ಬರ ತೋಳು ಹಿಡಿಯಬೇಕಾದಾಗ ಉಂಟಾಗುವ ನಾಚಿಕೆಯೇ ಹಲವೊಮ್ಮೆ ಸಿಟ್ಟಾಗಿ ಹೊರಬರುತ್ತದೆ. ಆ ಸಿಟ್ಟಿಗೆ ಗುರಿಯಾಗುವವಳೂ ಸೊಸೆಯೇ.

ಸೊಸೆಯೂ ಒಬ್ಬ ತಾಯಿಯ ಮಗಳು. ‘ಉಫ್’ ಎನ್ನಬಾರದೆಂಬ ಆದೇಶ ಅವಳಿಗೆ ಮೊದಲು ಅನ್ವಯಿಸುವುದು ತವರಿನಲ್ಲಿರುವ ಅವಳ ಸ್ವಂತ ತಾಯಿಯ ವಿಷಯದಲ್ಲಿ. ಆ ತಾಯಿಯನ್ನು ನೋಡಲು ನಾವು ಅವಳಿಗೆ ಎಷ್ಟು ದಿನ ಬಿಡುವು ಕೊಟ್ಟಿದ್ದೇವೆ?

ಆದ್ದರಿಂದ ಮಗ ವಾರದಲ್ಲಿ ಎರಡು ರಾತ್ರಿಯಾದರೂ ತಾಯಿಯ ಪಕ್ಕದಲ್ಲಿ ತಾನೇ ಮಲಗಲಿ. ದೂರದ ಸಹೋದರರು ಹಣ ಕಳಿಸಿದರಷ್ಟೇ ಸಾಲದು, ಸರದಿಯ ಮೇಲೆ ಬಂದು ನಿಲ್ಲಲಿ. ಪ್ರತಿ ಜಮಾಅತ್ ತನ್ನ ಮೊಹಲ್ಲಾದಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಮಾಡಿ, ಆರೈಕೆ ಮಾಡುವವರಿಗೆ ವಾರಕ್ಕೊಂದು ಮಧ್ಯಾಹ್ನದ ವಿಶ್ರಾಂತಿ ದೊರೆಯುವಂತೆ ನೆರವಾಗಲಿ.

ಬಾಲ್ಯದಲ್ಲಿ ನಮ್ಮನ್ನು ಸಾಕಿದ ಮಾತಾಪಿತರ ಮೇಲೆ ಕರುಣೆ ತೋರೆಂದು ಬೇಡುವ ನಾವು, ಅವರನ್ನು ನಮ್ಮ ಪರವಾಗಿ ಸಾಕುತ್ತಿರುವ ಆ ಹೆಣ್ಣುಮಗಳಿಗಾಗಿಯೂ ಕೈ ಎತ್ತೋಣ. ಅಲ್ಲಾಹನು ಅನುಗ್ರಹಿಸಲಿ, ಆಮೀನ್.