ಹಬ್ಬಕ್ಕೆ ಮುಂಚೆಯೇ ಚಿಕ್ಕಿ, ಉಂಡಿ, ಕರ್ಜಿಕಾಯಿ

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



ಡಿಸೆಂಬರ್ ಬಂತೆಂದರೆ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಬಿಡುವೆಂಬುದಿಲ್ಲ. ದೇವದುರ್ಗದ ಕಡೆ ಹತ್ತಿ ಬಿಡಿಸುವ ಕೆಲಸ, ಮಾನವಿಯ ಕಾಲುವೆ ಊರುಗಳಲ್ಲಿ ಭತ್ತದ ಸುಗ್ಗಿ, ಅದರ ಬೆನ್ನಿಗೇ ತೊಗರಿ ಕೊಯ್ಲು. ಹಬ್ಬಗಳೂ ಇದೇ ಹೊತ್ತಿಗೆ ಸಾಲಾಗಿ ಬರುತ್ತವೆ. ಡಿಸೆಂಬರ್ 25ಕ್ಕೆ ಕ್ರಿಸ್‌ಮಸ್, ಅದರ ಆಚೀಚೆ ಎಳ್ಳಮಾವಾಸ್ಯೆ, ಜನವರಿ ನಡುವಿಗೆ ಸಂಕ್ರಮಣ. ಹಬ್ಬದ ಹಿಂದಿನ ದಿನ ಕೂಲಿ ಬಿಟ್ಟು ಒಲೆ ಮುಂದೆ ಕೂಡಬೇಕು, ಇಲ್ಲವೆ ರಾಯಚೂರು ಪೇಟೆಯಿಂದ ಬಣ್ಣದ ಮಿಠಾಯಿಯನ್ನು ಉದ್ರಿ ತರಬೇಕು. ಇವೆರಡೂ ಬೇಡ. ಸಂಜೆಯ ಒಂದೆರಡು ತಾಸಿನಲ್ಲಿ, ಮನೆಯ ಶೇಂಗಾ, ಎಳ್ಳು, ಬೆಲ್ಲದಿಂದಲೇ ಮಾಡಿ ಇಟ್ಟುಕೊಳ್ಳುವ ತಿನಿಸುಗಳ ವಿಚಾರ ಇಂದು ಹೇಳುತ್ತೇನೆ.

ಮೊದಲು ಕಾಳಿನ ಮಾತು. ನಮ್ಮ ಮನೆಗಳಲ್ಲಿ ಒಂದು ರೂಢಿ ಇದೆ. ದುಂಡು ಕಾಳು ಪೇಟೆಗೆ, ಸುಕ್ಕಿದ್ದು, ಬಣ್ಣಗೆಟ್ಟದ್ದು ಮನೆಯ ಉಂಡಿಗೆ. ಈ ರೂಢಿ ಬಿಡಬೇಕು. ಕಟಾವಿನಲ್ಲಿ ಮಳೆಗೆ ಸಿಕ್ಕ ಅಥವಾ ಸರಿಯಾಗಿ ಒಣಗದ ಶೇಂಗಾಕ್ಕೆ ಹಸಿರು-ಹಳದಿ ಬೂಷ್ಟು ಹಿಡಿಯುತ್ತದೆ. ಅದರಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿ ಯಕೃತ್ತಿಗೆ ಹಾನಿ ಮಾಡುತ್ತದೆ. ಹುರಿದರೆ ಹೋದೀತು ಎಂದು ತಿಳಿಯಬೇಡಿ. ಬೂಷ್ಟು ಸತ್ತರೂ ವಿಷ ಉಳಿಯುತ್ತದೆ. ಬೂಷ್ಟು ಹಿಡಿದದ್ದು, ಮುರುಟಿದ್ದು, ಕಪ್ಪಾದದ್ದು, ಕಹಿಯಾದದ್ದು ಎಲ್ಲವನ್ನೂ ಹುರಿಯುವ ಮೊದಲೇ ಆರಿಸಿ ತೆಗೆಯಿರಿ. ಅದನ್ನು ಎಮ್ಮೆ-ಆಕಳಿಗೂ ಹಾಕಬೇಡಿ. ವಿಷ ಹಾಲಿಗೆ ಇಳಿಯುತ್ತದೆ. ಚೆನ್ನಾಗಿ ಒಣಗಿದ ಕಾಯಿ ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ, ಕಾಳು ಉಜ್ಜಿದರೆ ಸಿಪ್ಪೆ ಬಿಡುತ್ತದೆ.

ಎರಡನೆಯದು ನೀರಿನ ಮಾತು. ತಿನಿಸು ಕೆಡುವುದಕ್ಕೆ ಮುಖ್ಯ ಕಾರಣ ಅದರಲ್ಲಿ ಉಳಿದ ನೀರು. ಪಾಕ ಗಟ್ಟಿಯಾದಷ್ಟೂ ನೀರು ಕಡಿಮೆ, ಬಾಳಿಕೆ ಹೆಚ್ಚು. ಇದೊಂದು ಸೂತ್ರ ನೆನಪಿಟ್ಟರೆ ಉಳಿದದ್ದು ಸುಲಭ.

ಶೇಂಗಾ ಚಿಕ್ಕಿ: ಹುರಿದು ಸಿಪ್ಪೆ ತೆಗೆದ ಶೇಂಗಾ 1 ಕಿಲೋ, ಬೆಲ್ಲ 800 ಗ್ರಾಂ. ಬೆಲ್ಲಕ್ಕೆ ಒಂದು ಸಣ್ಣ ಲೋಟ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗಿಡಿ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ನೋಡಿ. ಅದು ಗಟ್ಟಿಯಾಗಿ 'ಟಪ್' ಎಂದು ಮುರಿಯಬೇಕು, ಹಲ್ಲಿಗೆ ಅಂಟಬಾರದು. ಆಗ ಶೇಂಗಾ ಬೆರೆಸಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಲಟ್ಟಣಿಗೆಯಿಂದ ತೆಳ್ಳಗೆ ಮಾಡಿ, ಬಿಸಿಯಿರುವಾಗಲೇ ಗೆರೆ ಕೊಯ್ಯಿರಿ. ಕುದಿವ ಪಾಕದ ಹತ್ತಿರ ಮಕ್ಕಳನ್ನು ಬಿಡಬೇಡಿ.

ಎಳ್ಳುಂಡಿ: ಹುರಿದ ಎಳ್ಳು ಅರ್ಧ ಕಿಲೋ, ಬೆಲ್ಲ 400 ಗ್ರಾಂ. ಇದಕ್ಕೆ ಪಾಕ ತುಸು ಎಳೆಯದಿರಲಿ. ತಣ್ಣೀರಿನಲ್ಲಿ ಹನಿ ಮೆತ್ತಗಿನ ಉಂಡೆಯಾದರೆ ಸಾಕು. ಉಂಡಿ ಕಟ್ಟುವಾಗ ಅನೇಕರು ಕೈಗೆ ನೀರು ಹಚ್ಚಿಕೊಳ್ಳುತ್ತಾರೆ. ಅದೇ ನೀರು ಉಂಡಿಯನ್ನು ಕೆಡಿಸುತ್ತದೆ. ತುಪ್ಪ ಹಚ್ಚಿಕೊಳ್ಳಿ.

ಕರ್ಜಿಕಾಯಿ: ಒಣ ಕೊಬ್ಬರಿ ತುರಿ, ಪುಟಾಣಿ ಹಿಟ್ಟು, ಸಕ್ಕರೆ ಪುಡಿ ತಲಾ ಕಾಲು ಕಿಲೋ, ಜೊತೆಗೆ ಹುರಿದ ಎಳ್ಳು, ಯಾಲಕ್ಕಿ. ಇದು ಹೂರಣ. ಹಸಿ ತೆಂಗಿನಕಾಯಿ ಹಾಕಿದರೆ ಒಂದೆರಡು ದಿನಕ್ಕೇ ಹಳಸುತ್ತದೆ. ಅಂಚನ್ನು ಬಿಗಿಯಾಗಿ ಒತ್ತಿ, ಹದವಾದ ಉರಿಯಲ್ಲಿ ನಿಧಾನವಾಗಿ ಕರಿಯಿರಿ. ಹೊದಿಕೆ ಗರಿಗರಿಯಾಗಬೇಕು.

ಕ್ರಿಸ್‌ಮಸ್ಸಿಗೆ ಕೇಕೇ ಆಗಬೇಕೆಂದು ಕೆಲವರು ಕೇಳುತ್ತಾರೆ. ಮಂಗಳೂರಿನ ಕ್ಯಾಥೊಲಿಕರು ಈ ಹಬ್ಬಕ್ಕೆ ಮುಂಚಿತವಾಗಿ 'ಕುಸ್ವಾರ್' ಎಂಬ ತಿನಿಸುಗಳನ್ನು ಮಾಡಿಟ್ಟು ನೆರೆಮನೆಗಳಿಗೆ ಹಂಚುತ್ತಾರೆ. ಅದರಲ್ಲಿರುವ ನೆವ್ರಿ ಎಂದರೆ ನಮ್ಮ ಕರ್ಜಿಕಾಯಿಯೇ, ಎಳ್ಳಿನ ಲಾಡು ಎಂದರೆ ನಮ್ಮ ಎಳ್ಳುಂಡಿಯೇ, ಚಕ್ಕುಲಿಯೂ ಅದರಲ್ಲಿದೆ. ರಾಯಚೂರಿನ, ಮಾನವಿ ಸೀಮೆಯ ಕ್ರೈಸ್ತ ಮನೆಗಳಿಗೂ ಈ ತಿನಿಸುಗಳು ಹೊಸವಲ್ಲ. ಕುಸ್ವಾರಿಗೆ ಬೇಕಾದದ್ದೆಲ್ಲ ನಮ್ಮ ಹೊಲದಲ್ಲಿ, ನಮ್ಮ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.

ಇನ್ನು ಮಾಡುವ ಕ್ರಮ. ಚಿಕ್ಕಿ ತಿಂಗಳ ಕಾಲ ಬಾಳುತ್ತದೆ. ಡಿಸೆಂಬರ್ ಮೊದಲ ವಾರದಲ್ಲೇ ಮಾಡಿ. ಎರಡನೆಯ ವಾರ ಎಳ್ಳುಂಡಿ. ಕರ್ಜಿಕಾಯಿ, ಚಕ್ಕುಲಿ ಹಬ್ಬಕ್ಕೆ ಒಂದು ವಾರವಿರುವಾಗ. ಶೇಂಗಾ ಹೋಳಿಗೆ ಮೂರು-ನಾಲ್ಕು ದಿನವಿರುವಾಗ. ಹಾಲು, ಖೋವಾ, ಹಸಿ ಕೊಬ್ಬರಿಯ ತಿನಿಸು ಏನಿದ್ದರೂ ಅಂದಿನದು ಅಂದಿಗೇ. ನಾಲ್ಕು ಮನೆಯವರು ಕೂಡಿದರೆ ಒಂದೇ ಒಲೆ, ಒಂದೇ ಬಾಣಲೆ ಸಾಕು, ಉರುವಲೂ ಉಳಿಯುತ್ತದೆ.

ತಿನಿಸು ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿಯಾಗಿ ತುಂಬಿದರೆ ಮುಚ್ಚಳದ ಒಳಗೆ ಬೆವರು ಕಟ್ಟಿ ಬೂಷ್ಟು ಬರುತ್ತದೆ. ಬಿಗಿ ಮುಚ್ಚಳದ, ಬಿಸಿಲಿನಲ್ಲಿ ಒಣಗಿಸಿದ ಸ್ಟೀಲ್ ಡಬ್ಬಿ ಉತ್ತಮ. ಕೀಟನಾಶಕ, ಗೊಬ್ಬರ ಇಟ್ಟಿದ್ದ ಡಬ್ಬಿಯನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸಬಾರದು. ಹತ್ತಿಗೆ ಔಷಧಿ ಹೊಡೆಯುವ ಮನೆಗಳಲ್ಲಿ ಈ ಎಚ್ಚರ ಮುಖ್ಯ. ಹಸಿ ಕೈ, ಹಸಿ ಚಮಚ ಡಬ್ಬಿಗೆ ಹಾಕಬೇಡಿ. ಚಿಕ್ಕ ಕೂಸುಗಳಿಗೆ ಚಿಕ್ಕಿ ಗಂಟಲಿಗೆ ಸಿಕ್ಕೀತು. ಶೇಂಗಾವನ್ನು ನುಣ್ಣಗೆ ಕುಟ್ಟಿ ಮೆತ್ತನೆಯ ಉಂಡಿ ಮಾಡಿ ಕೊಡಿ.

ತಾಯಂದಿರೇ, ಹಬ್ಬ ಯಾರದೇ ಇರಲಿ, ಉಂಡಿ ತಿನ್ನುವುದು ನಮ್ಮ ಮಕ್ಕಳೇ. ಈ ವರ್ಷ ರಾಶಿಯಿಂದ ಒಂದೆರಡು ಸೇರು ಒಳ್ಳೆಯ ಕಾಳನ್ನು ಮೊದಲು ಮನೆಗೆ ಎತ್ತಿಡಿ. ಆಮೇಲೆ ಚೀಲ ಪೇಟೆಗೆ ಹೋಗಲಿ.