ಮಣ್ಣಿಲ್ಲದೆ ಸೌತೆ: ಹೂವು ಕಾಯಾಗಬೇಕಾದರೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಪಾಲಿಮನೆಯಲ್ಲಿ ತೆಂಗಿನ ನಾರಿನ ಪುಡಿ ತುಂಬಿದ ಚೀಲಗಳನ್ನು ಸಾಲಾಗಿ ಇಟ್ಟು, ಹನಿ ಕೊಳವೆಯ ಮೂಲಕ ಗೊಬ್ಬರದ ನೀರು ಕೊಟ್ಟು ಸೌತೆ ಬೆಳೆಯುವ ಪದ್ಧತಿ ಈಗ ನಮ್ಮ ರಾಜ್ಯದ ರೈತರಿಗೂ ಪರಿಚಿತವಾಗಿದೆ. ಹೊಸದಾಗಿ ಕೈಹಾಕಿದವರು ಹೇಳುವ ದೂರು ಸಾಮಾನ್ಯವಾಗಿ ಒಂದೇ. ಬಳ್ಳಿ ಆಳೆತ್ತರ ಹೋಯಿತು, ಎಲೆ ಅಗಲವಾಗಿ ಬಂದವು, ಹೂವೂ ಧಾರಾಳವಾಗಿ ಬಿಟ್ಟಿತು, ಆದರೆ ಕಾಯಿ ಕಚ್ಚಲಿಲ್ಲ. ಆಗ ಮೊದಲ ಅನುಮಾನ ಗೊಬ್ಬರದ ಮೇಲೆ. ಅಂಗಡಿಗೆ ಹೋದರೆ ಹೂ ನಿಲ್ಲಿಸುವ ಟಾನಿಕ್ ಎಂದು ಒಂದು ಬಾಟಲಿ ಕೈಗೆ ಬರುತ್ತದೆ. ಆ ಹಣ ಬಹುಮಟ್ಟಿಗೆ ವ್ಯರ್ಥ. ಏಕೆಂದರೆ ತಪ್ಪು ನಡೆದಿರುವುದು ಹೂ ಬಿಟ್ಟ ಮೇಲಲ್ಲ, ಬೀಜ ಕೊಂಡ ದಿನ.

ನಮ್ಮ ಹೊಲದ ಸಾಮಾನ್ಯ ಸೌತೆಯಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಒಂದೇ ಬಳ್ಳಿಯಲ್ಲಿ ಬೇರೆ ಬೇರೆಯಾಗಿ ಬಿಡುತ್ತವೆ. ಮೊದಲು ಬರುವುದು ಗಂಡು ಹೂ, ಅದೂ ಗೊಂಚಲು ಗೊಂಚಲಾಗಿ. ಹೆಣ್ಣು ಹೂ ತಡವಾಗಿ, ಕಡಿಮೆ ಸಂಖ್ಯೆಯಲ್ಲಿ ಬರುತ್ತದೆ. ಅದನ್ನು ಗುರುತಿಸುವುದು ಸುಲಭ: ದಳದ ಕೆಳಗೆ ಮುಳ್ಳುಮುಳ್ಳಾದ ಪುಟ್ಟ ಹೀಚು ಇರುತ್ತದೆ. ಹೂ ಅರಳಿ ಪರಾಗಕ್ಕೆ ಕಾಯುವುದು ಒಂದೇ ದಿನ. ಆ ದಿನ ಜೇನುನೊಣ ಮತ್ತೆ ಮತ್ತೆ ಬಂದು ಪರಾಗ ತಂದು ಹಾಕಿದರೆ ಹೀಚು ಕಾಯಾಗುತ್ತದೆ, ಇಲ್ಲದಿದ್ದರೆ ಹಳದಿಯಾಗಿ ಕರಟಿ ಬೀಳುತ್ತದೆ. ಹೊಲದಲ್ಲಿ ಈ ಕೆಲಸವನ್ನು ತುಡುವೆಯೋ ಕೋಲುಜೇನೋ ಕೂಲಿಯಿಲ್ಲದೆ ಮಾಡುತ್ತವೆ. ಕೀಟ ಬರದಂತೆ ಬಲೆ ಕಟ್ಟಿದ ಪಾಲಿಮನೆಗೆ ಜೇನು ಹೇಗೆ ಬಂದೀತು? ಬಿಳಿನೊಣವನ್ನು ತಡೆಯುವ ಬಲೆ ಜೇನನ್ನೂ ತಡೆಯುತ್ತದೆ.

ಆದ್ದರಿಂದ ಒಳಾಂಗಣದ ಬೆಳೆಗೆ ಪರಾಗಸ್ಪರ್ಶವಿಲ್ಲದೆಯೇ ಕಾಯಿ ಕಟ್ಟುವ ತಳಿಯನ್ನೇ ಆರಿಸಬೇಕು. ಬೀಜದ ಪೊಟ್ಟಣದ ಮೇಲೆ ಪಾರ್ಥೆನೋಕಾರ್ಪಿಕ್ ಎಂಬ ಮಾತು ಇದೆಯೇ ಎಂದು ನೋಡಿ ಕೊಳ್ಳುವುದು ಅತ್ಯವಶ್ಯಕ. ಗೈನೋಷಿಯಸ್ ಎಂದು ಮಾತ್ರ ಬರೆದಿದ್ದರೆ ಸಾಲದು. ಗೈನೋಷಿಯಸ್ ಎಂದರೆ ಬಹುತೇಕ ಹೆಣ್ಣು ಹೂವನ್ನೇ ಬಿಡುವ ತಳಿ. ಅದಕ್ಕೆ ಪರಾಗ ಬೇಡವೆಂದು ಅರ್ಥವಲ್ಲ. ಈ ಎರಡು ಗುಣಗಳೂ ಕೂಡಿರುವ ತಳಿ ಪಾಲಿಮನೆಗೆ ಯೋಗ್ಯ. ಇಸ್ರೇಲಿನ ಬೇತ್ ಆಲ್ಫಾ ಮೂಲದ, ಸುಮಾರು ಗೇಣುದ್ದದ ನಯವಾದ ಸೌತೆ ಈ ಗುಂಪಿಗೆ ಸೇರಿದ್ದು. ಬೀಜವನ್ನು ತೂಕದ ಮೇಲಲ್ಲ, ಎಣಿಕೆಯ ಮೇಲೆ ಮಾರುತ್ತಾರೆ, ಬೆಲೆಯೂ ದುಬಾರಿ. ಕಾಯಿಯೊಳಗೆ ಬಲಿತ ಬೀಜವಿಲ್ಲದ ಕಾರಣ ಮುಂದಿನ ಬೆಳೆಗೆ ಮನೆಬೀಜ ತೆಗೆಯುವ ಮಾತೂ ಇಲ್ಲ.

ಇಂಥ ತಳಿಗೆ ಜೇನು ಬೇಡವಷ್ಟೇ ಅಲ್ಲ, ಬಂದರೆ ತೊಂದರೆ. ಇಂಗ್ಲೆಂಡಿನ ಲೀ ಕಣಿವೆಯ ಗಾಜಿನಮನೆಗಳಲ್ಲಿ ಉದ್ದ ಸೌತೆ ಬೆಳೆಯುತ್ತಿದ್ದವರು ಹಿಂದೆ ಗಂಡು ಹೂಗಳನ್ನು ಕೈಯಿಂದ ಕಿತ್ತುಹಾಕುತ್ತಿದ್ದರು, ಜೇನು ಒಳಗೆ ಬಾರದಂತೆ ಎಚ್ಚರ ವಹಿಸುತ್ತಿದ್ದರು. ಪರಾಗ ತಾಗಿದ ಕಾಯಿಯಲ್ಲಿ ಬೀಜ ಕಟ್ಟಿ ತುದಿ ಉಬ್ಬುತ್ತದೆ, ಆಕಾರ ಕೆಡುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ಆದುದರಿಂದ ಒಂದೇ ಪಾಲಿಮನೆಯಲ್ಲಿ ನಾಟಿ ಸೌತೆಯ ನಾಲ್ಕು ಬಳ್ಳಿ ಇರಲಿ ಎಂಬ ಆಸೆ ಒಳ್ಳೆಯದಲ್ಲ.

ಈಗಾಗಲೇ ಸಾಮಾನ್ಯ ತಳಿ ಬಿತ್ತಿ ಹೂ ಬಂದಿದ್ದರೆ ಬೆಳೆ ಕಿತ್ತೊಗೆಯಬೇಕಾಗಿಲ್ಲ. ಬೆಳಗಿನ ತಂಪು ಹೊತ್ತಿನಲ್ಲಿ, ಆಗಷ್ಟೇ ಅರಳಿದ ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಅದರ ಕೇಸರವನ್ನು ಹೆಣ್ಣು ಹೂವಿನ ನಡುಭಾಗಕ್ಕೆ ಮೃದುವಾಗಿ ಸವರಬೇಕು. ಬಿಸಿಲೇರಿದ ಮೇಲೆ ಮಾಡಿದರೆ ಫಲ ಕಡಿಮೆ. ತಾರಸಿಯ ಹತ್ತಾರು ಬಳ್ಳಿಗೆ ಇದು ಸಾಧ್ಯ. ಹತ್ತು ಗುಂಟೆಯಲ್ಲಿ ದಿನವೂ ಮಾಡಲು ಆಳು ಎಲ್ಲಿಂದ ತರುವುದು? ಎಥ್ರೆಲ್ ಸಿಂಪಡಿಸಿದರೆ ಸಾಕೆಂದು ಕೆಲವರು ತಿಳಿದಿದ್ದಾರೆ. ಎರಡು ಮತ್ತು ನಾಲ್ಕು ಎಲೆಗಳ ಹಂತದಲ್ಲಿ ಅದನ್ನು ಕೊಟ್ಟಾಗ ಸಾಮಾನ್ಯ ತಳಿಯಲ್ಲಿ ಹೆಣ್ಣು ಹೂವಿನ ಪ್ರಮಾಣ ಹೆಚ್ಚುವುದು ನಿಜ, ಆದರೆ ಆ ಹೂವಿಗೂ ಪರಾಗ ಬೇಕೇ ಬೇಕು.

ಬೀಜ ಸರಿಯಿದ್ದೂ ಹೀಚು ಕರಟಿದರೆ ಮಾತ್ರ ನೀರು, ಬೇರು, ಬಿಸಿಲುಗಳ ಕಡೆ ನೋಡಬೇಕು.

ಮಣ್ಣಿಲ್ಲದ ಬೇಸಾಯ ಹೊಸದೇನಲ್ಲ. ಕ್ಯಾಲಿಫೋರ್ನಿಯಾದ ಗೆರಿಕ್ ಎಂಬ ವಿಜ್ಞಾನಿ 1937ರಲ್ಲಿ ಇದಕ್ಕೆ ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದರು. ಷೋಲ್ಟೋ ಡಗ್ಲಾಸ್ 1946-47ರ ಸುಮಾರಿಗೆ ಬಂಗಾಳದ ಕಾಲಿಂಪಾಂಗಿನಲ್ಲಿ ಕಡಿಮೆ ಖರ್ಚಿನ ವಿಧಾನವೊಂದನ್ನು ರೂಪಿಸಿದರು. ಒಳ್ಳೆಯ ಮಣ್ಣು, ಜೇನು, ನೀರು ಇರುವ ರೈತ ಬಯಲಿನಲ್ಲೇ ಸೌತೆ ಬೆಳೆಯುವುದು ಅಗ್ಗ. ಪಾಲಿಮನೆಯೊಳಗೆ ಸತತ ಬೆಳೆ ತೆಗೆದು ಬೇರುಗಂಟು ಜಂತುಹುಳು ಮಿತಿಮೀರಿದ ಕಡೆ ಮಾತ್ರ ಈ ಪದ್ಧತಿಯ ಖರ್ಚಿಗೆ ಅರ್ಥವಿದೆ.

ಬೇರು ನೇರವಾಗಿ ಹರಿಯುವ ನೀರಿನಲ್ಲಿರುವ ವಿಧಾನ ನೋಡಲು ಅಂದ. ಆದರೆ ಬೇಸಿಗೆಯ ಮಧ್ಯಾಹ್ನ ವಿದ್ಯುತ್ ಹೋದರೆ ಕೆಲವೇ ತಾಸಿನಲ್ಲಿ ಬಳ್ಳಿ ಬಾಡುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗಿ ಬೇರು ಕೊಳೆಯುತ್ತದೆ. ನಮ್ಮ ಹಳ್ಳಿಗಳ ಪರಿಸ್ಥಿತಿಗೆ ತೆಂಗಿನ ನಾರಿನ ಪುಡಿಯ ಚೀಲವೇ ಮೇಲು. ಪುಡಿಯಲ್ಲಿ ಉಪ್ಪಿನಂಶ ಇರುವುದುಂಟು. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಮತ್ತೆ ತೊಳೆದು ತುಂಬಬೇಕು.

ಚೀಲ ತುಂಬುವ ಮೊದಲೇ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು ಒಳಿತು. ಕೋಲಾರದಂಥ ಕಡೆ ಗಡಸು ನೀರು ಸಾಮಾನ್ಯ. ಲವಣ ಹೆಚ್ಚಿದ್ದರೆ ಪಾಲಿಮನೆಯ ಛಾವಣಿಯ ಮಳೆನೀರೇ ಗತಿ. ಹತ್ತು ಗುಂಟೆಯ ಛಾವಣಿ ಸುಮಾರು ಸಾವಿರ ಚದರ ಮೀಟರು. ಒಂದು ಮಿಲಿಮೀಟರ್ ಮಳೆಗೆ ಸಾವಿರ ಲೀಟರ್ ಸಿಗುತ್ತದೆ. ವರ್ಷಕ್ಕೆ 700 ಮಿ.ಮೀ. ಬಿದ್ದರೆ ಏಳು ಲಕ್ಷ ಲೀಟರ್. ಎರಡು ಸಾವಿರ ಬಳ್ಳಿಗೆ ದಿನಕ್ಕೆ ಐದು ಸಾವಿರ ಲೀಟರ್ ಎಂದು ಹಿಡಿದರೂ, ಪೋಲಾದದ್ದನ್ನು ಕಳೆದು ಒಂದು ಬೆಳೆಗೆ ಸಾಲುತ್ತದೆ.

ಸಾವಿರ ಲೀಟರ್ ಸಿಹಿನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ 850 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 450 ಗ್ರಾಂ, ಮಾನೋ ಪೊಟ್ಯಾಸಿಯಂ ಫಾಸ್ಫೇಟ್ 200 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 450 ಗ್ರಾಂ, ಜೊತೆಗೆ ಚಿಲೇಟ್ ರೂಪದ ಕಬ್ಬಿಣ ಹಾಗೂ ಇತರ ಲಘು ಪೋಷಕಾಂಶಗಳನ್ನು ಸೇರಿಸಿದರೆ ಸಾರಜನಕ ಸುಮಾರು 190, ಪೊಟ್ಯಾಸಿಯಂ 230, ಕ್ಯಾಲ್ಸಿಯಂ 160 ಪಿ.ಪಿ.ಎಂ. ದೊರೆಯುತ್ತದೆ. ಇ.ಸಿ. 1.8ರ ಆಸುಪಾಸು ಬರುತ್ತದೆ. ಎಳೆಯ ಸಸಿಗೆ ಇದನ್ನು ತೆಳುವಾಗಿಸಿ ಕೊಡಬೇಕು. ಕಾಯಿ ಹೆಚ್ಚಿದಾಗ ಪೊಟ್ಯಾಷ್ ಹೆಚ್ಚಿಸಿ 2ರಿಂದ 2.5ರವರೆಗೆ ಏರಿಸಬಹುದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಇರುವುದರಿಂದ ಪರೀಕ್ಷಾ ವರದಿ ನೋಡಿ ಲೆಕ್ಕ ಬದಲಿಸಬೇಕು. ರಸಸಾರ 5.5ರಿಂದ 6.5ರೊಳಗೆ ಇರಲಿ. ಮೂಲ ದ್ರಾವಣ ತಯಾರಿಸುವಾಗ ಕ್ಯಾಲ್ಸಿಯಂ ನೈಟ್ರೇಟನ್ನು ಒಂದು ಡ್ರಮ್ಮಿನಲ್ಲೂ, ಸಲ್ಫೇಟ್ ಮತ್ತು ಫಾಸ್ಫೇಟ್‌ಗಳನ್ನು ಇನ್ನೊಂದರಲ್ಲೂ ಕರಗಿಸತಕ್ಕದ್ದು. ಗಟ್ಟಿ ದ್ರಾವಣಗಳನ್ನು ಒಂದೇ ಕಡೆ ಸುರಿದರೆ ಬಿಳಿಯ ಗಷ್ಟು ಕಟ್ಟಿ ಹನಿ ಕೊಳವೆ ಮುಚ್ಚಿಹೋಗುತ್ತದೆ, ಗೊಬ್ಬರವೂ ಹಾಳು.

ನೀರನ್ನು ಒಮ್ಮೆಗೇ ಸುರಿಯದೆ ದಿನದಲ್ಲಿ ಹಲವು ಬಾರಿ ಸ್ವಲ್ಪ ಸ್ವಲ್ಪ ಕೊಡಬೇಕು. ಕೊಟ್ಟದ್ದರಲ್ಲಿ ಕಾಲುಭಾಗದಷ್ಟು ಚೀಲದಡಿಯಿಂದ ಬಸಿದು ಹೋದರೆ ಉಪ್ಪು ನಿಲ್ಲುವುದಿಲ್ಲ.

ಇನ್ನು ಬಳ್ಳಿಯ ಹೊರೆ. ಹುರಿಗೆ ಸುತ್ತಿ ಒಂದೇ ಕಾಂಡವಾಗಿ ಏಳೆಂಟು ಅಡಿ ಎತ್ತರದ ತಂತಿಗೆ ಹಬ್ಬಿಸಬೇಕು. ಬುಡದ ಐದಾರು ಗೆಣ್ಣುಗಳಲ್ಲಿ ಬರುವ ಹೂ, ಹೀಚು, ಕವಲುಗಳನ್ನೆಲ್ಲ ಚಿವುಟಿಹಾಕಬೇಕು. ಮೊದಲ ಹೀಚು ಕೀಳಲು ಮನಸ್ಸೊಪ್ಪುವುದಿಲ್ಲ, ಆದರೆ ಅದನ್ನು ಉಳಿಸಿದವರ ಬಳ್ಳಿ ಬೇರು ಬಿಡುವ ಮೊದಲೇ ದಣಿಯುತ್ತದೆ. ಮೇಲಿನ ಗೆಣ್ಣುಗಳಲ್ಲಿ ಗಿಡ್ಡ ತಳಿಗೆ ಒಂದೆರಡು, ಉದ್ದ ತಳಿಗೆ ಒಂದೇ ಕಾಯಿ ಸಾಕು. ಎಲೆ ತಯಾರಿಸುವ ಆಹಾರ ಮೀರಿ ಹೀಚು ನಿಂತರೆ ಬಳ್ಳಿ ತಾನೇ ಕೆಲವನ್ನು ಒಣಗಿಸುತ್ತದೆ. ಇದು ರೋಗವಲ್ಲ.

ಹಗಲು 24ರಿಂದ 28, ರಾತ್ರಿ 18ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಈ ಬೆಳೆಗೆ ಹಿತ. 35 ದಾಟಿದರೆ ಹೀಚು ನಿಲ್ಲುವುದು ಕಷ್ಟ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್-ಮೇ ತಿಂಗಳಿಗೆ ಫಸಲು ಬರುವಂತೆ ಬಿತ್ತುವುದು ಸಾಹಸವೇ ಸರಿ. ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಮುಸುಕಿದಾಗಲೂ ಹೀಚು ಕರಟುತ್ತದೆ. ಆಗ ಗೊಬ್ಬರ ಏರಿಸದೆ ಕಾಯಿಗಳ ಸಂಖ್ಯೆ ಇಳಿಸಬೇಕು. ಬಿಸಿಲು ಬೀಳದ ಕೋಣೆಯಲ್ಲಿ ಬೆಳೆಯುವವರು ದಿನಕ್ಕೆ 14ರಿಂದ 16 ತಾಸು ಪ್ರಖರ ದೀಪ ಉರಿಸಬೇಕಾಗುತ್ತದೆ. ವಿದ್ಯುತ್ ಬಿಲ್ಲು ನೋಡಿದರೆ ಅದು ಹವ್ಯಾಸಕ್ಕೆ ಮಾತ್ರ.

ಹೂ ಅರಳಿದ ಎಂಟು ಹತ್ತು ದಿನಗಳಲ್ಲಿ ಗಿಡ್ಡ ತಳಿಯ ಕಾಯಿ ಕೊಯ್ಲಿಗೆ ಬರುತ್ತದೆ. ದಿನವೂ, ಕಡೆಯಪಕ್ಷ ದಿನ ಬಿಟ್ಟು ದಿನ ಕೊಯ್ಯಬೇಕು. ಎಲೆಮರೆಯಲ್ಲಿ ಉಳಿದು ದಪ್ಪನಾದ ಒಂದೇ ಕಾಯಿ ಮೇಲಿನ ಮೂರು ನಾಲ್ಕು ಹೀಚುಗಳ ಆಹಾರವನ್ನು ಎಳೆದುಕೊಳ್ಳುತ್ತದೆ. ಅಂಥ ಕಾಯಿಗೆ ಪೇಟೆಯಲ್ಲಿ ಬೆಲೆ ಇಲ್ಲವೆಂದು ಬಿಟ್ಟುಬಿಡದೆ, ಕಂಡ ಕೂಡಲೇ ಕತ್ತರಿಸಿ ದನಗಳಿಗೆ ಹಾಕುವುದು ಲೇಸು.